ಕಸದ ಬಟನ್ ಒತ್ತೋಕೆ ಮಗಳನ್ನು ಓದಿಸಬೇಕಾ?

ಪ್ರಶ್ನೆ: ನಮ್ಮದು ಬಾಗಲಕೋಟೆ ಜಿಲ್ಲೆಯ ಗುಳೇದಗುಡ್ಡ. ಮನೆಯಲ್ಲಿ ಎರಡು ಖಣದ ಮಗ್ಗ ಇವೆ. ಮಗಳು ಬಿ.ಎಸ್‌ಸಿ. ಎರಡನೇ ವರ್ಷ ಓದುತ್ತಿದ್ದಾಳೆ. ರಜೆಗೆ ಬಂದಾಗ ರಾತ್ರಿ ಊಟ ಮುಗಿಸಿ ಮೊಬೈಲ್ ಹಿಡಿದು ಕೂತರೆ ಹನ್ನೊಂದಾದರೂ ಏಳುವುದಿಲ್ಲ. ಇಣುಕಿ ನೋಡಿದೆ. ಒಂದು ಚೌಕದ ತುಂಬ ಸಣ್ಣ ಸಣ್ಣ ಚುಕ್ಕೆ, ಜೊತೆಗೆ ನಾಲ್ಕೈದು ಬಟನ್. ಒಂದು ಒತ್ತಿದರೆ ಮುಂದಿನ ಚಿತ್ರ. ‘ಇವು ಬೆಳಕು ಬದಲಾಗೋ ನಕ್ಷತ್ರ ಅಪ್ಪಾ, ವಿಜ್ಞಾನಿಗಳಿಗೆ ವಿಂಗಡಿಸಿ ಕೊಡ್ತೀನಿ’ ಅನ್ನುತ್ತಾಳೆ. ಬಟನ್‌ಗಳಲ್ಲಿ ಒಂದರ ಹೆಸರು ‘ಜಂಕ್’. ಕಸ ಅಂತ ಒತ್ತೋಕೆ ಇವಳನ್ನು ಇಷ್ಟು ಓದಿಸಬೇಕಿತ್ತಾ ಅಂತ ಅವರಮ್ಮ ಕೇಳುತ್ತಾಳೆ. ನನ್ನ ಪ್ರಶ್ನೆ ಬೇರೆ. ಇದು ನಿಜವಾದ ಕೆಲಸವಾ? ಕಂಪ್ಯೂಟರ್ ಇರುವಾಗ ಇವಳ ಕಣ್ಣು ಯಾಕೆ ಬೇಕು? ಇವಳು ತಪ್ಪು ಒತ್ತಿದರೆ ಅವರ ಲೆಕ್ಕ ಕೆಡುವುದಿಲ್ಲವಾ? ಟೆಲಿಸ್ಕೋಪ್ ಕೊಡಿಸು ಅನ್ನುತ್ತಿದ್ದಾಳೆ, ಕೊಡಿಸಲಾ?

ಉತ್ತರ: ನಿಜವಾದ ಕೆಲಸ. ಲೆಕ್ಕ ಕೆಡುವುದಿಲ್ಲ. ಟೆಲಿಸ್ಕೋಪ್ ಈಗಲೇ ಬೇಡ. ಅವಸರ ಇದ್ದವರು ಇಲ್ಲಿಗೇ ಓದು ನಿಲ್ಲಿಸಬಹುದು. ಆದರೆ ನೀವು ಮಗ್ಗದ ಮನೆಯವರು. ವಿಜಯಪುರದಲ್ಲಿ ಮೂವತ್ತು ವರ್ಷ ಭೌತಶಾಸ್ತ್ರ ಪಾಠ ಮಾಡಿದ ನಾನು ಈ ವಿಷಯವನ್ನು ಹುಡುಗರ ತಲೆಗೆ ಇಳಿಸೋಕೆ ಸಾಕಷ್ಟು ಒದ್ದಾಡಿದ್ದೇನೆ. ನಿಮಗೆ ಅಷ್ಟು ಕಷ್ಟ ಆಗಲಿಕ್ಕಿಲ್ಲ. ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ಆ ಚುಕ್ಕೆಗಳ ಚಿತ್ರದಿಂದಲೇ ಶುರು ಮಾಡೋಣ. ಒಂದು ಚಿತ್ರ ಅಂದರೆ ಒಂದು ನಕ್ಷತ್ರ. ಅದರೊಳಗಿನ ಒಂದೊಂದು ಚುಕ್ಕೆಯೂ ಒಂದೊಂದು ಸಲ ಅಳೆದ ಬೆಳಕು. ಮೇಲಿದ್ದರೆ ಬೆಳಕು ಜಾಸ್ತಿ, ಕೆಳಗಿದ್ದರೆ ಕಡಿಮೆ. ಇಲ್ಲಿಯವರೆಗೆ ಸುಲಭ. ಆದರೆ ಎಡದಿಂದ ಬಲಕ್ಕೆ ಇರುವುದು ತಾರೀಖು ಅಂದುಕೊಂಡರೆ ಎಡವುತ್ತೀರಿ. ಅಲ್ಲಿ ಒಂದು ಚಮತ್ಕಾರ ಇದೆ.

ಒಂದು ಊರಿಗೆ ಹೊಸಬನೊಬ್ಬ ಬಂದ ಅಂತಿಟ್ಟುಕೊಳ್ಳಿ. ಅಲ್ಲಿ ಸಂತೆ ಯಾವ ವಾರ ಅಂತ ಅವನಿಗೆ ಗೊತ್ತಿಲ್ಲ. ಕೇಳೋಣ ಅಂದರೆ ಭಾಷೆ ಬಾರದು. ಅವನು ಏನು ಮಾಡುತ್ತಾನೆ, ಮೂರು ವರ್ಷ ಬಿಡುವಾದಾಗಲೆಲ್ಲ ಬಜಾರಿಗೆ ಹೋಗಿ ಜನರನ್ನು ಎಣಿಸಿ ಬರುತ್ತಾನೆ. ಒಂದು ಉದ್ದನೆ ಕಾಗದದ ಸುರುಳಿ ಬಿಚ್ಚಿ, ತಾರೀಖಿನ ಪ್ರಕಾರ ಚುಕ್ಕೆ ಇಡುತ್ತಾನೆ. ನೋಡಿದರೆ ಏನೂ ತಿಳಿಯುವುದಿಲ್ಲ, ಸಜ್ಜೆ ಚೆಲ್ಲಿದ ಹಾಗೆ ಕಾಣುತ್ತದೆ. ಈಗ ಆ ಸುರುಳಿಯನ್ನು ಏಳೇಳು ದಿನದ ತುಂಡು ಮಾಡಿ, ಒಂದರ ಮೇಲೊಂದು ಜೋಡಿಸಿ, ಬೆಳಕಿಗೆ ಹಿಡಿಯಲಿ. ಆರು ದಿನದ ಜಾಗದಲ್ಲಿ ಚುಕ್ಕೆಗಳು ತಳ ಹಿಡಿದಿರುತ್ತವೆ. ಒಂದು ದಿನದ ಜಾಗದಲ್ಲಿ ಮಾತ್ರ ಗುಡ್ಡೆ ಎದ್ದಿರುತ್ತದೆ. ಅದೇ ಸಂತೆ! ಆರಾರು ದಿನಕ್ಕೆ ಕತ್ತರಿಸಿದ್ದರೆ ಮತ್ತೆ ಸಜ್ಜೆ. ಹದಿನಾಲ್ಕು ದಿನಕ್ಕೆ ಕತ್ತರಿಸಿದ್ದರೆ ಎರಡು ಗುಡ್ಡೆ.

ನಕ್ಷತ್ರಕ್ಕೂ ಇದನ್ನೇ ಮಾಡುತ್ತಾರೆ. ವರ್ಷಗಟ್ಟಲೆ ಅಳೆದದ್ದನ್ನು ಒಂದು ಅವಧಿಗೆ ಮಡಿಚುತ್ತಾರೆ. ಖಣವನ್ನು ಮಡಿಚುವಾಗ ಬುಟ್ಟಾದ ಮೇಲೆ ಬುಟ್ಟಾ ಸರಿಯಾಗಿ ಕೂರಬೇಕಾದರೆ ಎಲ್ಲಿ ಮಡಿಚಬೇಕು ಅಂತ ನಿಮ್ಮ ಕೈಗೆ ಗೊತ್ತಲ್ಲ, ಅದೇ ಲೆಕ್ಕ. ಆಲ್ಗೋಲ್ ಅನ್ನುವ ನಕ್ಷತ್ರಕ್ಕೆ 2 ದಿನ 20 ಗಂಟೆ 49 ನಿಮಿಷಕ್ಕೆ ಮಡಿಚಬೇಕು. ಹಾಗೆ ಮಡಿಚಿದರೆ ವರ್ಷಗಳ ಚುಕ್ಕೆಗಳೆಲ್ಲ ಸೇರಿ ಒಂದು ಚೊಕ್ಕ ಗೆರೆಯಾಗುತ್ತವೆ. ಒಂದೆರಡು ಗಂಟೆ ಹೆಚ್ಚುಕಡಿಮೆ ಮಾಡಿ, ಎಲ್ಲ ಕಲಸಿಹೋಗುತ್ತದೆ.

ಎಲ್ಲಿ ಮಡಿಚಬೇಕು ಅಂತ ಹುಡುಕುವುದು ಕಂಪ್ಯೂಟರ್. ಸಾವಿರಾರು ಅವಧಿಗಳನ್ನು ಅದು ಕ್ಷಣದಲ್ಲಿ ಪರೀಕ್ಷೆ ಮಾಡಿಬಿಡುತ್ತದೆ. ಮಡಿಚಿದ ಮೇಲೆ ಮೂಡಿದ ಆಕಾರ ಏನು ಹೇಳುತ್ತಿದೆ ಅಂತ ನೋಡುವುದು ನಿಮ್ಮ ಮಗಳ ಕೆಲಸ.

ನೀವು ಹೇಳಿದ ‘ಜಂಕ್’ ಬಟನ್ ನೋಡಿದರೆ ಅದು ಸಿಟಿಜನ್ ಅಸಾಸಿನ್ ಯೋಜನೆ ಇರಬೇಕು. ಜೂನಿವರ್ಸ್ ಅನ್ನುವ ತಾಣದಲ್ಲಿ 2021ರಲ್ಲಿ ಶುರುವಾದದ್ದು. ಅಸಾಸಿನ್ ಅಂದರೆ ಇಂಗ್ಲಿಷಿನಲ್ಲಿ ಕೊಲೆಗಾರ. ಗಾಬರಿ ಬೇಡ. ಸೂಪರ್‌ನೋವಾ, ಅಂದರೆ ಸಿಡಿದು ಸಾಯುವ ನಕ್ಷತ್ರ ಹುಡುಕೋಕೆ ಅಂತ ಅಮೆರಿಕದ ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯದವರು ಕಟ್ಟಿದ ವ್ಯವಸ್ಥೆ ಅದು, ಉದ್ದ ಹೆಸರಿನ ಮೊದಲಕ್ಷರ ಕೂಡಿಸಿದರೆ ಹೀಗೆ ಕೇಳುತ್ತದೆ. ಖಗೋಳದವರಿಗೆ ಇಂಥ ತಮಾಷೆ ಬಹಳ ಇಷ್ಟ. ಹವಾಯಿ, ಟೆಕ್ಸಾಸ್, ಚಿಲಿ, ದಕ್ಷಿಣ ಆಫ್ರಿಕಾಗಳಲ್ಲಿ ಅವರ ಯಂತ್ರಗಳಿವೆ. ಯಂತ್ರ ಅಂದರೆ ದೊಡ್ಡ ಗೋಪುರ ಕಲ್ಪಿಸಿಕೊಳ್ಳಬೇಡಿ. ಬರೀ 14 ಸೆಂಟಿಮೀಟರ್ ಅಗಲದ ಲೆನ್ಸ್‌ಗಳು, ಕ್ರಿಕೆಟ್ ಮ್ಯಾಚಿನಲ್ಲಿ ಫೋಟೊಗ್ರಾಫರ್‌ಗಳು ಹಿಡಿದಿರುತ್ತಾರಲ್ಲ, ಆ ಜಾತಿಯವು. ನಾಲ್ಕು ನಾಲ್ಕನ್ನು ಒಂದೊಂದು ಚೌಕಟ್ಟಿಗೆ ಬಿಗಿದು ಕೂರಿಸಿದ್ದಾರೆ. ಮೋಡ ಇಲ್ಲದ ಪ್ರತಿ ರಾತ್ರಿ ಇಡೀ ಆಕಾಶ ಕ್ಲಿಕ್ಕಿಸುತ್ತವೆ. ಆಮೇಲೆ ಏನಾಗುತ್ತದೆ? ಚಿತ್ರ ಬೆಟ್ಟದಷ್ಟು, ನೋಡುವ ಕಣ್ಣು ಬೆರಳೆಣಿಕೆಯಷ್ಟು.

ಇನ್ನು ಆಕಾರಗಳು. ಇದೇ ನನಗೆ ಇಷ್ಟದ ಭಾಗ, ಸ್ವಲ್ಪ ನಿಧಾನಿಸುತ್ತೇನೆ.

ಗೆರೆ ನೆಟ್ಟಗೆ ಹೋಗುತ್ತಾ ಹೋಗುತ್ತಾ ದಿಢೀರ್ ಅಂತ ಹಳ್ಳಕ್ಕೆ ಬಿದ್ದು, ಮತ್ತೆ ಮೇಲೆ ಬಂದು, ಮುಂದೆ ಇನ್ನೊಂದು ಸಣ್ಣ ಹಳ್ಳ ಕಂಡರೆ, ಅಲ್ಲಿರುವುದು ಒಂದು ನಕ್ಷತ್ರ ಅಲ್ಲ, ಎರಡು. ಒಂದರ ಸುತ್ತ ಒಂದು ಸುತ್ತುತ್ತಾ ಒಂದು ಇನ್ನೊಂದಕ್ಕೆ ಅಡ್ಡ ಬರುತ್ತಿವೆ. ನಮ್ಮ ಕಡೆಯಿಂದ ನೋಡಿದರೆ ಗ್ರಹಣ. ಆಲ್ಗೋಲ್ ಹೀಗೇ ಅಂತ 1783ರಲ್ಲಿ ಊಹಿಸಿದವನು ಇಂಗ್ಲೆಂಡಿನ ಜಾನ್ ಗುಡ್‌ರಿಕ್. ಕಿವಿ ಕೇಳದ ಹುಡುಗ, ಆಗ ಅವನಿಗೆ ಹದಿನೆಂಟು ವರ್ಷ. ಇಪ್ಪತ್ತೊಂದಕ್ಕೇ ತೀರಿಕೊಂಡ. ಅಷ್ಟರಲ್ಲಿ ಡೆಲ್ಟಾ ಸೆಫೈ ಅನ್ನುವ ನಕ್ಷತ್ರದ ಏರಿಳಿತವನ್ನೂ ಕಂಡುಹಿಡಿದಿದ್ದ.

ಆ ಡೆಲ್ಟಾ ಸೆಫೈ ಇನ್ನೊಂದು ಜಾತಿ. ಅದರ ಗೆರೆ ಸರಕ್ಕನೆ ಏರಿ ನಿಧಾನಕ್ಕೆ ಇಳಿಯುತ್ತದೆ, ಗರಗಸದ ಹಲ್ಲಿನ ಹಾಗೆ. ಅಡ್ಡ ಬರುವವರು ಅಲ್ಲಿ ಯಾರೂ ಇಲ್ಲ. ನಕ್ಷತ್ರ ತಾನೇ ಉಬ್ಬುತ್ತದೆ, ಕುಗ್ಗುತ್ತದೆ. ಇದನ್ನೇ ಮಿಡಿಯುವುದು ಅನ್ನೋಣ. ಅನ್ನ ಕುದಿಯುವಾಗ ಪಾತ್ರೆಯ ಮುಚ್ಚಳ ನೋಡಿದ್ದೀರಲ್ಲ? ಆವಿ ಸೇರುತ್ತದೆ, ಮುಚ್ಚಳ ಎತ್ತುತ್ತದೆ, ಆವಿ ಹೋಗುತ್ತದೆ, ಮುಚ್ಚಳ ಕೂರುತ್ತದೆ. ಇಲ್ಲಿ ಮುಚ್ಚಳದ ಕೆಲಸ ಮಾಡುವುದು ಹೀಲಿಯಂನ ಒಂದು ಪದರ. ನಕ್ಷತ್ರ ಕುಗ್ಗಿದಾಗ ಆ ಪದರ ಒಳಗಿನ ಬೆಳಕನ್ನು ಹೊರಗೆ ಬಿಡದೆ ತಡೆಯುತ್ತದೆ. ಶಾಖ ಸೇರಿ ಸೇರಿ ಹೊರಗೆ ನೂಕುತ್ತದೆ. ಉಬ್ಬಿದಾಗ ಪದರ ತಣ್ಣಗಾಗಿ ದಾರಿ ಬಿಡುತ್ತದೆ. ಮತ್ತೆ ಕುಸಿತ. ಡೆಲ್ಟಾ ಸೆಫೈಗೆ ಈ ಒಂದು ಉಸಿರಾಟಕ್ಕೆ 5 ದಿನ 9 ಗಂಟೆ ಬೇಕು.

ಮೂರನೆಯದು ಮೈಮೇಲೆ ಮಚ್ಚೆ ಇರುವ ನಕ್ಷತ್ರ. ಸೂರ್ಯನ ಮೇಲೆ ಕಲೆ ಇರುತ್ತವಲ್ಲ, ಅವಕ್ಕಿಂತ ಎಷ್ಟೋ ದೊಡ್ಡ ಕಲೆ. ನಕ್ಷತ್ರ ಬುಗುರಿಯ ಹಾಗೆ ತಿರುಗುವಾಗ ಮಚ್ಚೆ ನಮ್ಮ ಕಡೆ ಬಂದರೆ ಬೆಳಕು ಸ್ವಲ್ಪ ಇಳಿಯುತ್ತದೆ. ಇದು ಅಡ್ನಾಡಿ ಜಾತಿ. ಮಚ್ಚೆ ಹುಟ್ಟುತ್ತದೆ, ಅಳಿಯುತ್ತದೆ, ಜಾಗ ಬದಲಿಸುತ್ತದೆ. ಹಾಗಾಗಿ ಈ ವರ್ಷ ಮೂಡಿದ ಆಕಾರ ಮುಂದಿನ ವರ್ಷ ಅಲ್ಲೇ ಕೂರುವುದಿಲ್ಲ. ಮಡಿಚಿದರೆ ಗೆರೆ ದಪ್ಪಗೆ, ಮಸುಕಾಗಿ ಬರುತ್ತದೆ. ಸುಮ್ನೆ ನೋಡಿದರೆ ಮಿಡಿಯುವ ನಕ್ಷತ್ರದ ಹಾಗೂ ಕಾಣುತ್ತದೆ, ಜೋಡಿ ನಕ್ಷತ್ರದ ಹಾಗೂ ಕಾಣುತ್ತದೆ.

ಈಗ ಕಂಪ್ಯೂಟರಿನ ಪ್ರಶ್ನೆ. ಒಂದು ಕಾಲಕ್ಕೆ ಕಂಪ್ಯೂಟರ್ ಅಂದರೆ ಮನುಷ್ಯರೇ ಆಗಿದ್ದರು, ಗೊತ್ತಾ? ಅಮೆರಿಕದ ಹಾರ್ವರ್ಡ್ ವೀಕ್ಷಣಾಲಯದಲ್ಲಿ ಗಾಜಿನ ಫೋಟೊ ಫಲಕಗಳನ್ನು ನೋಡಿ ಲೆಕ್ಕ ಹಾಕುವ ಹೆಣ್ಣುಮಕ್ಕಳಿಗೆ ‘ಕಂಪ್ಯೂಟರ್’ ಅಂತಲೇ ಹುದ್ದೆಯ ಹೆಸರು. ಅವರಲ್ಲಿ ಹೆನ್ರಿಯೆಟಾ ಲೆವಿಟ್ ಒಬ್ಬಳು. ಆಕೆ ಮೊದಲು ಸಂಬಳ ಇಲ್ಲದೆ, ಆಸಕ್ತಿಗೆ ಅಂತ ಸೇರಿಕೊಂಡವಳು. ಆಮೇಲೆ ಗಂಟೆಗೆ 30 ಸೆಂಟ್ ಕೊಟ್ಟರು. ಚಿಕ್ಕ ಮೆಗಲಾನಿಕ್ ಮೋಡ ಅನ್ನುವ ದೂರದ ನಕ್ಷತ್ರಗಳ ಗುಂಪಿನಲ್ಲಿರುವ ಮಿಡಿಯುವ ನಕ್ಷತ್ರಗಳನ್ನು ಜೋಡಿಸುತ್ತಾ ಹೋದಾಗ ಆಕೆಗೆ ಒಂದು ಸಂಗತಿ ಹೊಳೆಯಿತು: ಹೆಚ್ಚು ಬೆಳಗುವವು ನಿಧಾನಕ್ಕೆ ಮಿಡಿಯುತ್ತವೆ. 1912ರಲ್ಲಿ 25 ನಕ್ಷತ್ರಗಳ ಲೆಕ್ಕ ಪ್ರಕಟವಾಯಿತು. ಅಂದರೆ ಮಿಡಿತದ ಅವಧಿ ಅಳೆದರೆ ನಿಜವಾದ ಬೆಳಕು ಗೊತ್ತಾಗುತ್ತದೆ, ಅದನ್ನು ಕಾಣುವ ಬೆಳಕಿನ ಜೊತೆ ತಾಳೆ ಹಾಕಿದರೆ ದೂರ ಗೊತ್ತಾಗುತ್ತದೆ. ಇದೇ ಅಳತೆಗೋಲು ಹಿಡಿದು ಎಡ್ವಿನ್ ಹಬಲ್ ಅನ್ನುವ ವಿಜ್ಞಾನಿ, ಆಂಡ್ರೊಮಿಡಾ ಅನ್ನುವ ಮಸುಕು ಬೆಳಕಿನ ತುಣುಕು ನಮ್ಮ ಆಕಾಶಗಂಗೆಯ ಆಚೆಗಿನ ಬೇರೆಯೇ ಲೋಕ ಅಂತ ತೋರಿಸಿದ್ದು. ಅವನಿಗೆ ಆ ನಕ್ಷತ್ರ ಸಿಕ್ಕಿದ್ದು 1923ರಲ್ಲಿ.

ಇಂದಿನ ಕಂಪ್ಯೂಟರ್ ಲೆವಿಟ್‌ಗಿಂತ ವೇಗವಾಗಿ ವಿಂಗಡಿಸುತ್ತದೆ, ಅನುಮಾನವೇ ಇಲ್ಲ. ಆದರೆ ಅದಕ್ಕೆ ಯಾರೋ ಮೊದಲು ಕಲಿಸಿರಬೇಕು. ಇದು ಜೋಡಿ, ಇದು ಮಿಡಿತ ಅಂತ ಸಾವಿರಾರು ಮಾದರಿ ತೋರಿಸಿದರೆ ಕಲಿಯುತ್ತದೆ. ತೋರಿಸದೇ ಇದ್ದದ್ದು ಎದುರಾದರೆ ಏನು ಮಾಡುತ್ತದೆ? ಗೊತ್ತಿಲ್ಲ ಅನ್ನುವ ಸಂಕೋಚ ಅದಕ್ಕಿಲ್ಲ. ಇರುವ ಡಬ್ಬಗಳಲ್ಲಿ ಯಾವುದೋ ಒಂದಕ್ಕೆ ತುರುಕಿ, ಧೈರ್ಯವಾಗಿ ಉತ್ತರ ಹೇಳಿಬಿಡುತ್ತದೆ. ನನ್ನ ಕೆಲವು ವಿದ್ಯಾರ್ಥಿಗಳೂ ಹೀಗೇ ಇದ್ದರು.

ಇಲ್ಲಿ ನಿಮ್ಮ ಮನೆಯವರ ‘ಕಸ’ಕ್ಕೆ ಬರೋಣ. ಆ ಚಿತ್ರಗಳಲ್ಲಿ ನಿಜವಾಗಿಯೂ ಕಸ ಬಹಳ. ಪಕ್ಕದಲ್ಲೇ ಪ್ರಖರ ನಕ್ಷತ್ರ ಇದ್ದರೆ ಅದರ ಬೆಳಕು ಚೆಲ್ಲಿ ಬಡಪಾಯಿ ನಕ್ಷತ್ರವೂ ಬದಲಾದ ಹಾಗೆ ಕಾಣುತ್ತದೆ. ಹುಣ್ಣಿಮೆ ಹತ್ತಿರ ಬಂದಾಗ ಆಕಾಶವೇ ಬೆಳಗಿ, ತಿಂಗಳಿಗೊಮ್ಮೆ ಏರುವ ಸುಳ್ಳು ಸಂತೆ ಹುಟ್ಟುತ್ತದೆ. ಇನ್ನೊಂದು ಸೂಕ್ಷ್ಮ ಇದೆ: ಟೆಲಿಸ್ಕೋಪ್ ನೋಡುವುದು ರಾತ್ರಿ ಮಾತ್ರ. ನಮ್ಮ ಹೊಸಬ ಬರೀ ಸಂಜೆ ಹೊತ್ತೇ ಬಜಾರಿಗೆ ಹೋಗುತ್ತಿದ್ದ ಅಂದರೆ ಬೆಳಗಿನ ಗಲಾಟೆ ಅವನಿಗೆ ಗೊತ್ತೇ ಆಗುವುದಿಲ್ಲ ಅಲ್ವಾ? ಹಾಗೆ ಸರಿಯಾಗಿ 1 ದಿನದ ಅವಧಿ ಅಂತ ಕಂಪ್ಯೂಟರ್ ಹೇಳಿದರೆ ಹತ್ತರಲ್ಲಿ ಒಂಬತ್ತು ಸಲ ನಾನು ನಂಬುವುದಿಲ್ಲ. ಅದು ನಕ್ಷತ್ರದ ಲಯ ಆಗಿರುವುದಿಲ್ಲ, ನಮ್ಮ ಭೂಮಿಯ ಹಗಲು ರಾತ್ರಿಯದ್ದು.

ಮೊದಲ ಸುತ್ತಿನ ಫಲಿತಾಂಶ 2022ರಲ್ಲಿ ಪ್ರಕಟವಾಗಿದೆ. ದಕ್ಷಿಣ ಆಕಾಶದ ಸುಮಾರು 74 ಲಕ್ಷ ನಕ್ಷತ್ರಗಳನ್ನು ಕಂಪ್ಯೂಟರ್ ಜರಡಿ ಹಿಡಿದು, ಬದಲಾಗುವ ಹಾಗೆ ಕಾಣುವ 40,640ನ್ನು ಸ್ವಯಂಸೇವಕರ ಮುಂದೆ ಇಟ್ಟರು. ಅವರು ಅದರಲ್ಲಿ 10,420 ಹೊಸ ಚಂಚಲ ನಕ್ಷತ್ರಗಳನ್ನು, ಅಂದರೆ ಬೆಳಕು ಬದಲಾಗುವವನ್ನು, ಆರಿಸಿ ಕೊಟ್ಟರು. 4,234 ಮಿಡಿಯುವವು, 3,132 ಮಚ್ಚೆ ಹೊತ್ತು ತಿರುಗುವವು, 2,923 ಗ್ರಹಣದ ಜೋಡಿಗಳು. 131ಕ್ಕೆ ‘ಗೊತ್ತಿಲ್ಲ’ ಅಂದರು. ಈ 131 ನನಗೆ ಬಹಳ ಇಷ್ಟ.

ಕಸ ಅಂತ ಒತ್ತಿದ್ದೆಲ್ಲ ಎಲ್ಲಿಗೆ ಹೋಯಿತು? ಅದನ್ನೇ ಇಟ್ಟುಕೊಂಡು ನಿಜ ಯಾವುದು, ಸುಳ್ಳು ಯಾವುದು ಅಂತ ಬೇರ್ಪಡಿಸುವ ಹೊಸ ಕಂಪ್ಯೂಟರ್ ತಂತ್ರಾಂಶ ತಯಾರಿಸಿದರು. ಒಳ್ಳೆಯ ಮಾದರಿ ಎಲ್ಲರ ಹತ್ತಿರವೂ ಇರುತ್ತದೆ. ಕೆಟ್ಟ ಮಾದರಿಗಳನ್ನು ಕೂತು ಒಂದೊಂದಾಗಿ ಆರಿಸಿ ಕೊಡುವವರು ಸಿಗುವುದು ಕಷ್ಟ. ನಿಮ್ಮಲ್ಲಿ ನೇಯ್ದ ಖಣ ಕೈಗೆ ಬಂದಾಗ ಹಿರಿಯರು ಒಂದು ಸಲ ಬೆಳಕಿಗೆ ಹಿಡಿದು, ಇಲ್ಲೊಂದು ಎಳೆ ಹರಿದಿದೆ ಅನ್ನುತ್ತಾರಲ್ಲ? ಅವರು ಎಳೆ ಎಣಿಸಿರುವುದಿಲ್ಲ. ಆದರೂ ಕಣ್ಣು ಅಲ್ಲೇ ನಿಲ್ಲುತ್ತದೆ. ಮಗಳಿಗೆ ಆ ಕಣ್ಣು ಮನೆಯಿಂದಲೇ ಬಂದಿರಬೇಕು. ಹಾಗಾಗಿ ಕಸದ ಬಟನ್ ಬಗ್ಗೆ ಅವರಮ್ಮನಿಗೆ ನನ್ನ ಕಡೆಯಿಂದ ಹೇಳಿ: ಅಕ್ಕಿ ಆರಿಸುವಾಗ ನಾವು ಕಲ್ಲನ್ನು ತಾನೇ ಹುಡುಕುವುದು?

ತಪ್ಪು ಒತ್ತಿದರೆ? ಎಲ್ಲರೂ ಒತ್ತುತ್ತಾರೆ. ಮೊದಲೇ ಗುಣ ಗೊತ್ತಿರುವ ನಕ್ಷತ್ರಗಳನ್ನು ನಡುನಡುವೆ ಇಟ್ಟು ಪರೀಕ್ಷೆ ಮಾಡಿದ್ದರು. ಮಿಡಿಯುವವನ್ನು 89%, ಗ್ರಹಣದ ಜೋಡಿಗಳನ್ನು 81% ಸರಿಯಾಗಿ ಹೇಳಿದರು. ಮಚ್ಚೆಯವಕ್ಕೆ ಬಂದಾಗ ಬರೀ 49%. ಆ ಅಡ್ನಾಡಿ ಜಾತಿ ಎಷ್ಟು ಆಟ ಆಡಿಸುತ್ತದೆ ನೋಡಿ. ಹೆಚ್ಚು ಹೆಚ್ಚು ಚಿತ್ರ ನೋಡಿದವರ ಉತ್ತರ ಹೆಚ್ಚು ಸರಿ ಇತ್ತು ಅಂತಲೂ ಕಂಡುಬಂತು. ಕೈ ಪಳಗುವುದು ಅಂದರೆ ಇದೇ. ಒಂದೇ ಚಿತ್ರ ಹಲವರ ಮುಂದೆ ಹೋಗುತ್ತದೆ, ಒಬ್ಬರದ್ದೇ ಮಾತು ನಡೆಯುವುದಿಲ್ಲ. ಆದ್ದರಿಂದ ಮಗಳ ಒಂದು ತಪ್ಪು ಯಾವ ನಕ್ಷತ್ರವನ್ನೂ ಕೆಡಿಸುವುದಿಲ್ಲ.

ಕೆಡಿಸುವುದು ಬೇರೊಂದು. ಎಲ್ಲರೂ ಏನು ಅನ್ನುತ್ತಾರೋ ಅದನ್ನೇ ತಾನೂ ಅನ್ನೋಣ ಅಂತ ಒತ್ತುವುದು. ಇದರಲ್ಲಿ ನನ್ನದೇ ಒಂದು ನಾಚಿಕೆಯ ಕಥೆ ಇದೆ.

ಕೆಲಸಕ್ಕೆ ಸೇರಿದ ಹೊಸತು. ಆಲ್ಗೋಲ್ ಗ್ರಹಣ ನೋಡಬೇಕು ಅಂತ ಹುಚ್ಚು. ಪಟ್ಟಿಯಲ್ಲಿ ವೇಳೆ ನೋಡಿದೆ, ಏಳೂವರೆ ಅಂತ ಇತ್ತು. ಡಿಸೆಂಬರ್ ತಿಂಗಳು, ವಿಜಯಪುರದ ಆಕಾಶ ಕನ್ನಡಿಯ ಹಾಗಿತ್ತು. ಏಳು ಗಂಟೆಗೇ ಮಾಳಿಗೆ ಹತ್ತಿ ಕೂತೆ. ಏಳೂವರೆಗೆ ನೋಡುತ್ತೇನೆ, ಹೌದು, ಆಲ್ಗೋಲ್ ಮಂಕಾಗಿದೆ! ಪಕ್ಕದ ನಕ್ಷತ್ರಗಳ ಜೊತೆ ಹೋಲಿಸಿ ಬೆಳಕಿನ ಅಂಕಿ 3.2 ಅಂತ ಬರೆದೆ. ಖುಷಿಯೋ ಖುಷಿ. ಕೆಳಗೆ ಬಂದು ಊಟಕ್ಕೆ ಕೂತಾಗ ತಲೆಗೆ ಹೊಳೆಯಿತು. ಪಟ್ಟಿಯಲ್ಲಿದ್ದದ್ದು ಗ್ರೀನಿಚ್ ವೇಳೆ. ನಮ್ಮದಕ್ಕೆ ಐದೂವರೆ ಗಂಟೆ ಕೂಡಿಸಬೇಕು. ಅಂದರೆ ಗ್ರಹಣದ ನಡುಹೊತ್ತು ರಾತ್ರಿ ಒಂದಕ್ಕೆ. ಆಲ್ಗೋಲಿನ ಗ್ರಹಣ ಒಟ್ಟು ಸುಮಾರು ಹತ್ತು ಗಂಟೆ ಇರುತ್ತದೆ. ನಾನು ನೋಡಿದಾಗ ಅದು ಶುರುವೇ ಆಗಿರಲಿಲ್ಲ! ನಕ್ಷತ್ರ ತನ್ನ ಪೂರ್ತಿ ಬೆಳಕಿನಲ್ಲಿ, 2.1ರಲ್ಲಿ ಆರಾಮಾಗಿ ಇತ್ತು. ಮಂಕಾಗಿದ್ದದ್ದು ನನ್ನ ಬುದ್ಧಿ. (ಇಲ್ಲಿ ಅಂಕಿ ಹೆಚ್ಚಾದಷ್ಟೂ ಬೆಳಕು ಕಡಿಮೆ. ಬರಿಗಣ್ಣಿಗೆ ಕಾಣುವ ಕೊನೆ ಸುಮಾರು 6.) ಏನು ಕಾಣಬೇಕು ಅಂತ ಮೊದಲೇ ಗೊತ್ತಿದ್ದರೆ ಕಣ್ಣು ಅದನ್ನೇ ಕಂಡುಬಿಡುತ್ತದೆ. ಆ ವಹಿಯ ಪುಟ ಇನ್ನೂ ಇಟ್ಟುಕೊಂಡಿದ್ದೇನೆ. ಅಂದು ರಾತ್ರಿ ಒಂದಕ್ಕೆ ಮತ್ತೆ ಮಾಳಿಗೆಗೆ ಹೋದೆನಾ ಅಂತ ಕೇಳಬೇಡಿ, ನಿದ್ದೆ ಬಂದಿತ್ತು.

ಹಾಗಾಗಿ ಮಗಳಿಗೆ ಹೇಳಿ, ಗೊತ್ತಾಗದಿದ್ದರೆ ಗೊತ್ತಿಲ್ಲ ಅಂತಲೇ ಒತ್ತಲಿ. ವಿಚಿತ್ರ ಅನ್ನಿಸಿದರೆ ವಿಚಿತ್ರ ಅಂತಲೇ ಬರೆಯಲಿ. ಬೇರೆ ನಕ್ಷತ್ರಗಳ ಸುತ್ತ ಗ್ರಹ ಹುಡುಕುವ ಪ್ಲಾನೆಟ್ ಹಂಟರ್ಸ್ ಅಂತ ಇನ್ನೊಂದು ಯೋಜನೆಯಲ್ಲಿ ಕೆಪ್ಲರ್ ಅನ್ನುವ ಬಾಹ್ಯಾಕಾಶ ಟೆಲಿಸ್ಕೋಪಿನ ಚಿತ್ರಗಳನ್ನು ಜನ ಹೀಗೇ ನೋಡುತ್ತಿದ್ದರು. ಒಂದು ನಕ್ಷತ್ರದ ಗೆರೆ ಯಾವ ಡಬ್ಬಕ್ಕೂ ಒಗ್ಗಲಿಲ್ಲ. ಹಳ್ಳಗಳಿಗೆ ಲಯವೇ ಇಲ್ಲ, ಒಂದು ಸಲವಂತೂ ಬೆಳಕು 22% ಇಳಿದುಹೋಗಿತ್ತು. ಗ್ರಹ ಅಡ್ಡ ಬಂದರೆ ಅಷ್ಟು ಇಳಿಯುವುದಿಲ್ಲ. ಗ್ರಹ ಹುಡುಕುವ ತಂತ್ರಾಂಶಕ್ಕೆ ಅದು ಬೇಡವಾದ ಸರಕು. ಕೆಲವು ಸ್ವಯಂಸೇವಕರು ಬಿಡಲಿಲ್ಲ, ಇದೇನು ಅಂತ ಕೇಳುತ್ತಲೇ ಇದ್ದರು. 2015ರಲ್ಲಿ ಪ್ರಬಂಧ ಬಂದಾಗ ಅವರ ಹೆಸರೂ ಲೇಖಕರ ಸಾಲಿನಲ್ಲಿ ಇತ್ತು. ಅನ್ಯಲೋಕದವರು ಏನೋ ಕಟ್ಟುತ್ತಿದ್ದಾರೆ ಅಂತ ಟಿವಿಯವರು ಸ್ವಲ್ಪ ದಿನ ಕುಣಿದರು. ಈಗ ಹೆಚ್ಚಿನವರು ಒಪ್ಪುವ ಕಾರಣ ಧೂಳು. ನಮ್ಮ ಕಡೆಯವರಿಗೆ ಧೂಳಿನ ಮಹಿಮೆ ಹೊಸದಾಗಿ ಹೇಳಬೇಕಾ?

ದುಡ್ಡು ಬರುತ್ತದಾ ಅಂತ ನೀವು ಕೇಳಿಲ್ಲ, ಆದರೆ ಕೇಳುವವರು ಇದ್ದಾರೆ. ಬರುವುದಿಲ್ಲ. ಕೊಡಬೇಕಾಗಿಯೂ ಇಲ್ಲ. ಮೊಬೈಲ್ ಡೇಟಾ ಬಿಟ್ಟರೆ ಖರ್ಚಿಲ್ಲ. ಯಾರಾದರೂ ಫೀಸು ಕಟ್ಟಿ, ನಕ್ಷತ್ರಕ್ಕೆ ನಿಮ್ಮ ಮಗಳ ಹೆಸರು ಇಡಿಸುತ್ತೇವೆ, ಸರ್ಟಿಫಿಕೇಟ್ ಕೊಡುತ್ತೇವೆ ಅಂದರೆ ಬಾಗಿಲು ಹಾಕಿಕೊಳ್ಳಿ. ನಕ್ಷತ್ರದ ಹೆಸರು ಮಾರುವ ಹಕ್ಕು ಯಾರಿಗೂ ಇಲ್ಲ. ಅಂತರರಾಷ್ಟ್ರೀಯ ಖಗೋಳ ಒಕ್ಕೂಟ ಅಂಥದ್ದನ್ನು ಮಾನ್ಯ ಮಾಡುವುದೂ ಇಲ್ಲ. ಹೊಸ ಚಂಚಲ ನಕ್ಷತ್ರಕ್ಕೆ ಸಿಗುವುದು ಉದ್ದನೆಯ ನಂಬರ್, ಆಧಾರ್ ಕಾರ್ಡಿನ ಹಾಗೆ. ಮತ್ತೊಂದು ಮಾತು, ಇಂಥ ಯೋಜನೆಗಳು ಚಿತ್ರ ಮುಗಿದಾಗ ನಿಲ್ಲುತ್ತವೆ, ಹೊಸ ಚಿತ್ರ ಬಂದಾಗ ತೆರೆಯುತ್ತವೆ. ಒಂದು ಮುಚ್ಚಿದ್ದರೆ ಇನ್ನೊಂದು ಇರುತ್ತದೆ. ಹನ್ನೊಂದರವರೆಗೆ ಕೂರುವುದು ಬೇಡ. ದಿನಕ್ಕೆ ಇಪ್ಪತ್ತು ಮೂವತ್ತು ಚಿತ್ರ ಸಾಕು. ಆಮೇಲೆ ಕಣ್ಣು ಸೋತು ಕೈ ತಾನೇ ಒತ್ತೋಕೆ ಶುರು ಮಾಡುತ್ತದೆ.

ಇನ್ನು ಟೆಲಿಸ್ಕೋಪ್. ನಮ್ಮ ದೇಶದಲ್ಲಿ ಈ ಕೆಲಸಕ್ಕೆ ಒಂದು ದೊಡ್ಡ ಹೆಸರು ಇದೆ, ನಮ್ಮ ಪಾಠದ ಪುಸ್ತಕಗಳಲ್ಲಿ ನಾನು ನೋಡಿಲ್ಲ. ರಾಧಾ ಗೋಬಿಂದ ಚಂದ್ರ, ಬಂಗಾಳದ ಜೆಸ್ಸೋರಿನವರು. ಮೆಟ್ರಿಕ್ ಪಾಸಾಗಲಿಲ್ಲ. ಸರ್ಕಾರಿ ಖಜಾನೆಯಲ್ಲಿ ನಾಣ್ಯ ಎಣಿಸಿ ಪರೀಕ್ಷಿಸುವ ಕೆಲಸ. ಹಗಲು ಖೊಟ್ಟಿ ನಾಣ್ಯ ಯಾವುದು ಅಂತ ನೋಡುವುದು, ರಾತ್ರಿ ನಕ್ಷತ್ರ ನೋಡುವುದು. 3 ಇಂಚಿನ ಟೆಲಿಸ್ಕೋಪ್ ತರಿಸಿಕೊಂಡು ಚಂಚಲ ನಕ್ಷತ್ರಗಳ ಬೆಳಕು ಅಂದಾಜು ಮಾಡಿ ಅಮೆರಿಕದ ಎಎವಿಎಸ್‌ಒ ಅನ್ನುವ ಸಂಘಕ್ಕೆ ಕಳಿಸುತ್ತಿದ್ದರು. 1911ರಲ್ಲಿ ಹವ್ಯಾಸಿಗಳಿಗೆ ಅಂತಲೇ ಹುಟ್ಟಿದ ಸಂಘ ಅದು, ಇವತ್ತಿಗೂ ನಡೆಯುತ್ತಿದೆ. ಚಂದ್ರ ಅವರು ಕಳಿಸಿದ ಅಂದಾಜುಗಳು 37,000ಕ್ಕೂ ಹೆಚ್ಚು. ಮೆಚ್ಚಿ ಸಂಘದವರು ಅಲ್ಲಿಂದ 6 ಇಂಚಿನ ಟೆಲಿಸ್ಕೋಪನ್ನೇ ಹಡಗಿನಲ್ಲಿ ಕಳಿಸಿಕೊಟ್ಟರು. ಆದರೆ ಗಮನಿಸಿ, ಅವರು ಶುರು ಮಾಡಿದ್ದು ಬರಿಗಣ್ಣಿನಿಂದ. ದುಡ್ಡು ಸುರಿದು ಗಡಗಡ ನಡುಗುವ ಸ್ಟ್ಯಾಂಡಿನ ಟೆಲಿಸ್ಕೋಪ್ ತಂದು, ಚಂದ್ರನನ್ನು ಎರಡು ಸಲ ನೋಡಿ ಅಟ್ಟಕ್ಕೆ ಹಾಕಿದವರು ನನಗೆ ಬೇಕಾದಷ್ಟು ಜನ ಗೊತ್ತು. ನನ್ನ ಮೊದಲನೆಯದೂ ಅಟ್ಟದಲ್ಲೇ ಇದೆ. ಮೊದಲು ಒಂದು ವರ್ಷ ಬರಿಗಣ್ಣಿನಲ್ಲಿ ನೋಡಲಿ. ಉತ್ಸಾಹ ಉಳಿದರೆ ಒಂದು ಬೈನಾಕ್ಯುಲರ್.

ಬರಿಗಣ್ಣಿಗೆ ಕಾಣುವ ಚಂಚಲ ನಕ್ಷತ್ರ ಇದೆಯಾ? ನಿಮಗೆ ಹೆಸರು ಗೊತ್ತಿರುವುದೇ ಇದೆ. ಆರಿದ್ರಾ ಮಳೆ ಅನ್ನುತ್ತೇವಲ್ಲ, ಆ ಆರಿದ್ರಾ. ಇಂಗ್ಲಿಷಿನಲ್ಲಿ ಬೀಟಲ್‌ಜ್ಯೂಸ್. ಅದರ ಬೆಳಕು ಸಾಮಾನ್ಯವಾಗಿ 0.5ರ ಆಸುಪಾಸು. 2020ರ ಫೆಬ್ರವರಿಯಲ್ಲಿ 1.6ಕ್ಕೆ ಇಳಿದಿತ್ತು. ಕೆಂಪು ಕೆಂಡದ ಹಾಗಿದ್ದದ್ದು ಅದೇ ಬೇಟೆಗಾರನ (ಓರಿಯನ್) ಆಕೃತಿಯ ಇನ್ನೊಂದು ಭುಜದ ನಕ್ಷತ್ರದಷ್ಟೇ ಆಗಿಹೋಗಿತ್ತು. ಅಲ್ಲೂ ಕಾರಣ ಧೂಳೇ, ಆರಿದ್ರಾ ತಾನೇ ಉಗುಳಿದ ಧೂಳು.

ಆದರೆ ನಿಮ್ಮ ಮನೆಗೆ ನಾನು ಹೇಳುವುದು ಬೇರೆ ನಕ್ಷತ್ರ. ಮಳೆಗಾಲ ಮುಗಿದು ದಸರಾ ಹೊತ್ತಿಗೆ ಆಕಾಶ ತೊಳೆದಿಟ್ಟ ಹಾಗಿರುತ್ತದೆ. ಸಂಜೆ ಏಳೂವರೆಗೆ ಮಾಳಿಗೆಗೆ ಹೋಗಿ, ಬೀದಿದೀಪಕ್ಕೆ ಬೆನ್ನು ಹಾಕಿ, ಕಣ್ಣು ಕತ್ತಲಿಗೆ ಒಗ್ಗುವವರೆಗೆ ಹತ್ತು ಹದಿನೈದು ನಿಮಿಷ ಮೊಬೈಲ್ ಮುಟ್ಟದೆ ಕೂರಿ. ನೆತ್ತಿಯ ಹತ್ತಿರ ಶ್ರವಣ ನಕ್ಷತ್ರ ಇರುತ್ತದೆ. ಸಾಲಾಗಿ ಮೂರು, ನಡುವಿನದು ಪ್ರಖರ. ಆ ಮೂರರಲ್ಲಿ ದಕ್ಷಿಣದ ಕಡೆಯದು ಬೀಟಾ. ಅದರಿಂದ ಇನ್ನೂ ದಕ್ಷಿಣಕ್ಕೆ, ಕೈ ಚಾಚಿ ಮೂರು ಬೆರಳು ಹಿಡಿದಷ್ಟು ದೂರ ಹೋದರೆ ಒಂದು ಸಾಧಾರಣ ನಕ್ಷತ್ರ ಸಿಗುತ್ತದೆ. ಅದರ ಎರಡೂ ಬದಿಗೆ, ಪೂರ್ವಕ್ಕೊಂದು ಪಶ್ಚಿಮಕ್ಕೊಂದು, ಸ್ವಲ್ಪ ಹೆಚ್ಚು ಬೆಳಗುವ ನಕ್ಷತ್ರ ಇರುತ್ತವೆ. ನಡುವಿನದೇ ಈಟಾ ಅಕ್ವಿಲೆ. ಗುಡ್‌ರಿಕ್‌ನ ಗೆಳೆಯ ಎಡ್ವರ್ಡ್ ಪಿಗಟ್ 1784ರಲ್ಲಿ ಹಿಡಿದದ್ದು. ಮಿಡಿಯುವ ಜಾತಿ. 3.5ರಿಂದ ಸುಮಾರು 4.3ಕ್ಕೆ ಇಳಿದು ಮತ್ತೆ ಏರುತ್ತದೆ. ಅವಧಿ 7 ದಿನ, ಮೇಲೆ ನಾಲ್ಕು ಗಂಟೆ ಚಿಲ್ಲರೆ. ಹೆಚ್ಚುಕಡಿಮೆ ಸಂತೆಯ ಲೆಕ್ಕ!

ಅಳೆಯುವುದು ಹೀಗೆ. ಬೀಟಾ 3.7 ಇದೆ. ಈಟಾದಿಂದ ನೈಋತ್ಯಕ್ಕೆ, ಮತ್ತೆ ಮೂರು ಬೆರಳಿಗಿಂತ ಸ್ವಲ್ಪ ಕಡಿಮೆ ದೂರದಲ್ಲಿ, ಮಂಕಾದ ಅಯೋಟಾ ಇದೆ, ಅದು 4.4. ಈಟಾ ಇವೆರಡರ ನಟ್ಟನಡುವೆ ಇದೆ ಅನ್ನಿಸಿದರೆ 4.0 ಅಥವಾ 4.1. ಬೀಟಾದಷ್ಟೇ ಇದ್ದರೆ 3.7. ಅದಕ್ಕಿಂತ ಜಾಸ್ತಿ ಇದ್ದರೆ ಆಗಲೇ ಹೇಳಿದ ಪಶ್ಚಿಮದ ಬದಿಯ ನಕ್ಷತ್ರದ ಜೊತೆ ಹೋಲಿಸಿ, ಅದರ ಹೆಸರು ಡೆಲ್ಟಾ, ಅದು 3.4. ತಾರೀಖು, ವೇಳೆ, ಅಂಕಿ, ಇಷ್ಟೇ ಬರೆಯುವುದು. ಮೋಡ ಇದ್ದ ದಿನ ಮೋಡ ಅಂತ ಬರೆಯಿರಿ.

ನೀವೂ ಬರೆಯಿರಿ, ಮಗಳೂ ಬರೆಯಲಿ, ಆದರೆ ಬೇರೆ ಬೇರೆ ವಹಿಯಲ್ಲಿ. ದೀಪಾವಳಿಯವರೆಗೆ ಒಬ್ಬರದ್ದು ಒಬ್ಬರು ನೋಡಬೇಡಿ, ಹಿಂದಿನ ದಿನದ ಅಂಕಿಯ ಮೇಲೂ ಕಾಗದ ಮುಚ್ಚಿಡಿ. ಆಮೇಲೆ ಎರಡನ್ನೂ ತೆಗೆದು, ಏಳು ದಿನ ನಾಲ್ಕು ಗಂಟೆಗೆ ಮಡಿಚಿ, ಒಂದೇ ಹಾಳೆಯಲ್ಲಿ ಚುಕ್ಕೆ ಇಡಿ. ನಿಮ್ಮದಕ್ಕೆ ಕೆಂಪು ಪೆನ್ನು, ಅವಳದ್ದಕ್ಕೆ ನೀಲಿ. ಗರಗಸದ ಹಲ್ಲು ಯಾರದ್ದರಲ್ಲಿ ಚೊಕ್ಕ ಬಂತು ಅಂತ ನನಗೊಂದು ಸಾಲು ಬರೆದು ತಿಳಿಸಿ. ಹೊಸಬರ ಕಣ್ಣಿಗಿಂತ ಮಗ್ಗದ ಕಣ್ಣು ಗೆಲ್ಲುತ್ತದೆ ಅಂತ ನನ್ನ ಪಂದ್ಯ.